ಕಂಪ್ಯೂಟರ್ ಕೊಡುವವರು ಇದ್ದಾರೆ, ತಿಂಗಳ ಬಿಲ್ ಕಟ್ಟುವವರು ಬೇಕು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಗಾಗ ಒಂದೇ ಥರದ ಫೋಟೊ ಬರುತ್ತದೆ. ಶಾಲೆಗೋ ಪಂಚಾಯಿತಿ ಗ್ರಂಥಾಲಯಕ್ಕೋ ಕಂಪ್ಯೂಟರ್ ಹಸ್ತಾಂತರ. ನಡುವೆ ದಾನಿಗಳು, ಅಕ್ಕಪಕ್ಕ ಅಧ್ಯಕ್ಷರು, ಮುಖ್ಯ ಶಿಕ್ಷಕರು, ಹಿಂದೆ ಬ್ಯಾನರ್. ಕೊಟ್ಟವರ ಮನಸ್ಸು ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಂದಿನ ತಿಂಗಳ ಇಂಟರ್ನೆಟ್ ಬಿಲ್ ಯಾರು ಕಟ್ಟುತ್ತಾರೆ? ಯುಪಿಎಸ್ ಬ್ಯಾಟರಿ ಸತ್ತರೆ ಹೊಸದು ಯಾರು ತರುತ್ತಾರೆ? ಆ ಸುದ್ದಿಯಲ್ಲಿ ಇದರ ಮಾತೇ ಇರುವುದಿಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ. ಜಾಗ ಮಾಡಿ ಪೂರ್ತಿ ಪ್ರಕಟಿಸಬೇಕೆಂದು ಕೋರುತ್ತೇನೆ.

ನಾನು ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನವಳು. ಸಹಕಾರಿ ಸೊಸೈಟಿಯಲ್ಲಿ ಲೆಕ್ಕ ಬರೆದು ನಿವೃತ್ತಳಾದವಳು. ಈಗ ನಮ್ಮೂರಿನ ಕಂಪ್ಯೂಟರ್ ಜಾಲದ ಸಂಘಕ್ಕೆ ಖಜಾಂಚಿ. ಕೊರೊನಾ ಕಾಲದಲ್ಲಿ ಮಕ್ಕಳು ಪಾಠ ಕೇಳಲು ಕೊಡೆ ಹಿಡಿದು ಗುಡ್ಡ ಹತ್ತಿದ್ದನ್ನು ಕಂಡು ಊರವರೇ ಸೇರಿ ಮಾಡಿಕೊಂಡ ಜಾಲ ಇದು. ಪೇಟೆಯಿಂದ ಬರುವ ಫೈಬರ್ ಹಾಲಿನ ಡೇರಿಯ ಕಟ್ಟಡಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಗಾಳಿಯಲ್ಲಿ ಹೋಗಬೇಕು. ಅಡಿಕೆ ತೋಟ ಅಡ್ಡ ಬಂದರೆ ಸಿಗ್ನಲ್ ದಾಟುವುದಿಲ್ಲ. ಹಾಗಾಗಿ ಮರಗಳ ತಲೆಗಿಂತ ಎತ್ತರಕ್ಕೆ ಕಬ್ಬಿಣದ ಕಂಬ ನಿಲ್ಲಿಸಿ, ಅದರ ತುದಿಗೆ ಸಣ್ಣ ಆಂಟೆನಾ ಕಟ್ಟಿದ್ದೇವೆ. 2020ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಪಿಎಂ-ವಾಣಿ ಯೋಜನೆ ತಂದ ಮೇಲೆ ಇಂಥ ಸಾರ್ವಜನಿಕ ವೈಫೈ ಕೊಡಲು ಸಣ್ಣ ಅಂಗಡಿಯವರಿಗೂ ಸಂಘದವರಿಗೂ ಪರವಾನಗಿ ಬೇಕಿಲ್ಲ. ನಮಗೆ ದಾರಿ ತೆರೆದದ್ದು ಅದೇ. ಡೇರಿಯ ಕೋಣೆಯಲ್ಲಿ ಒಂದು ಕಂಪ್ಯೂಟರ್ ಸದಾ ಓಡುತ್ತಿರುತ್ತದೆ. ಶಾಲೆಯ ಪಾಠಗಳು, ನಮ್ಮ ಕಡೆಯ ಹಳೆಯ ತಾಳಮದ್ದಳೆಯ ರೆಕಾರ್ಡಿಂಗುಗಳು ಅದರಲ್ಲಿವೆ. ಹೊರಗಿನ ಇಂಟರ್ನೆಟ್ ಕಡಿದುಹೋದ ದಿನವೂ ಅವು ಮನೆಮನೆಗೆ ಸಿಗುತ್ತವೆ.

ಕಂಬಕ್ಕೆ ದಾನಿಗಳು ಬೇಗ ಸಿಕ್ಕರು. ರೂಟರಿಗೂ ಸಿಕ್ಕರು. ದೇವಸ್ಥಾನದ ಟ್ಯೂಬ್‌ಲೈಟಿನ ಮೇಲೆ, ಕಲ್ಯಾಣ ಮಂಟಪದ ಫ್ಯಾನಿನ ಮೇಲೆ ಕೊಟ್ಟವರ ಹೆಸರು ಬರೆಯುವ ಪದ್ಧತಿ ನಮ್ಮಲ್ಲಿ ಇದೆಯಲ್ಲ, ಹಾಗೆ ಕಂಬಕ್ಕೂ ಹೆಸರು ಬಂತು. ತಪ್ಪೇನಿಲ್ಲ. ಅಪ್ಪ ಅಮ್ಮನ ನೆನಪಿಗೆ ಒಂದು ಕಂಬ ನಿಲ್ಲಿಸುವುದು ಒಳ್ಳೆಯ ಕೆಲಸವೇ. ಆದರೆ ಜಾಲದ ನಿಜವಾದ ಖರ್ಚು ಕಂಬದ್ದಲ್ಲ. ಅದು ತಿಂಗಳು ತಿಂಗಳು ಬರುವಂಥದ್ದು. ಫೈಬರಿನ ಬಾಡಿಗೆ, ಕರೆಂಟು, ಬ್ಯಾಟರಿ, ಕಂಬ ಹತ್ತಿ ರಿಪೇರಿ ಮಾಡುವ ಹುಡುಗನ ಸಂಬಳ. ಇದರ ಮೇಲೆ ಸಿಡಿಲು. ಏಪ್ರಿಲ್ ಮೇ ತಿಂಗಳ ಅಡ್ಡಮಳೆಗೆ ಒಂದು ಸಂಜೆಯಲ್ಲಿ ಎರಡು ಮೂರು ರೂಟರ್ ಸುಟ್ಟುಹೋಗುವುದು ನಮ್ಮ ಕಡೆ ಹೊಸದಲ್ಲ. ಅರ್ತಿಂಗ್ ಎಷ್ಟು ಸರಿ ಮಾಡಿದರೂ ಕೆಲವು ಹೋಗಿಯೇ ಹೋಗುತ್ತವೆ. ಸುಟ್ಟ ರೂಟರಿನ ಮೇಲೆ ಯಾರ ಹೆಸರು ಬರೆಯಬೇಕು?

ನನ್ನ ತಮ್ಮ ಕೆನಡಾದ ಒಟ್ಟಾವಾದಲ್ಲಿ ಇದ್ದಾನೆ. ಹೋಗಿ ಮೂವತ್ತು ವರ್ಷದ ಮೇಲಾಯಿತು. ನಮ್ಮ ಜಾಲದ ಕತೆ ಕೇಳಿ ಅವನು ತಕ್ಷಣ ಹೇಳಿದ, "ಅಕ್ಕಾ, ನಾನು ಇಲ್ಲಿಗೆ ಬಂದಾಗ ಇಲ್ಲೂ ಹೀಗೇ ಒಂದು ಇತ್ತು. ಈಗಲೂ ಇದೆ." ಅದರ ಹೆಸರು ನ್ಯಾಷನಲ್ ಕ್ಯಾಪಿಟಲ್ ಫ್ರೀನೆಟ್. ಅಲ್ಲಿನ ಕಾರ್ಲಟನ್ ವಿಶ್ವವಿದ್ಯಾಲಯದವರೂ ಊರಿನವರೂ ಕೂಡಿ 1993ರ ಫೆಬ್ರುವರಿಯಲ್ಲಿ ಶುರು ಮಾಡಿದ್ದು. ಆಗ ಇಂಟರ್ನೆಟ್ ಅಂದರೆ ಫೋನ್ ಲೈನಿನ ಮೂಲಕ, ಪರದೆಯ ಮೇಲೆ ಬರೀ ಅಕ್ಷರ. ಸೇರಲು ಶುಲ್ಕ ಇರಲಿಲ್ಲ. ಕೈಲಾದದ್ದು ಕೊಡಿ ಎಂದು ಸದಸ್ಯರನ್ನು ಕೇಳುತ್ತಿದ್ದರು. ಯಾವಾಗ ಫೋನ್ ಮಾಡಿದರೂ ಲೈನ್ ಬ್ಯುಸಿ. ತಮ್ಮ ಕೊಡಲು ಶುರು ಮಾಡಿದ್ದೇ ಆ ಬ್ಯುಸಿ ಟೋನ್ ಕೇಳಿ. ಇನ್ನೊಂದು ಲೈನ್ ಬಂದರೆ ತನಗೂ ಆಯಿತು, ಬೇರೆಯವರಿಗೂ ಆಯಿತು ಅಂತ. ನಾನು ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಜನ ಬಳಸುವಾಗ ಏನು ಕೊರತೆ ಕಾಣುತ್ತಾರೋ ಅದಕ್ಕೇ ಕೊಡುತ್ತಾರೆ. "ಡಿಜಿಟಲ್ ಸಬಲೀಕರಣಕ್ಕೆ ಸಹಾಯ ಮಾಡಿ" ಅಂದರೆ ಯಾರ ಕೈಯೂ ಜೇಬಿಗೆ ಹೋಗುವುದಿಲ್ಲ. "ಶಾಲೆಯ ಹಿಂದಿನ ಕಂಬದ ಬ್ಯಾಟರಿ ರಾತ್ರಿ ಎಂಟಕ್ಕೇ ಸಾಯುತ್ತಿದೆ, ಹೊಸದಕ್ಕೆ ಇಷ್ಟು ಬೇಕು" ಅಂದರೆ ಹೋಗುತ್ತದೆ.

ಫ್ರೀನೆಟ್ ಅನ್ನುವ ಹೆಸರಿನ ಜಾಲಗಳಿಗೆಲ್ಲ ಮೊದಲನೆಯದು ಅಮೆರಿಕದ ಕ್ಲೀವ್‌ಲ್ಯಾಂಡ್ ಫ್ರೀನೆಟ್. ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿದ್ದ ಟಾಮ್ ಗ್ರಂಡ್ನರ್ ಅನ್ನುವವರು 1986ರಲ್ಲಿ ತೆರೆದದ್ದು. ಅದಕ್ಕೂ ಮೊದಲು ಅವರು ಜನರ ಆರೋಗ್ಯದ ಪ್ರಶ್ನೆಗಳಿಗೆ ಡಾಕ್ಟರುಗಳು ಕಂಪ್ಯೂಟರ್ ಮೂಲಕ ಉತ್ತರಿಸುವ ಸಣ್ಣ ವ್ಯವಸ್ಥೆ ಮಾಡಿದ್ದರು. ಅದು ಚೆನ್ನಾಗಿ ನಡೆದದ್ದನ್ನು ಕಂಡು ಫೋನ್ ಕಂಪನಿಗಳು ಬೆಂಬಲಕ್ಕೆ ಬಂದವು. ವಿಶ್ವವಿದ್ಯಾಲಯ ಜಾಗ ಕೊಟ್ಟಿತು. ಹೀಗೆ ಊರಿಗೆ ಊರೇ ಬಳಸುವ ಜಾಲ ಆಯಿತು. ಅದನ್ನು ನೋಡಿ ಬೇರೆ ಊರುಗಳೂ ಶುರು ಮಾಡಿದವು. ಎಲ್ಲಕ್ಕೂ ಸೇರಿ 1989ರಲ್ಲಿ ಒಂದು ರಾಷ್ಟ್ರೀಯ ಸಂಸ್ಥೆ ಹುಟ್ಟಿತು. ಆ ಸಂಸ್ಥೆ 1996ರಲ್ಲಿ ದಿವಾಳಿಯಾಯಿತು. ಕ್ಲೀವ್‌ಲ್ಯಾಂಡಿನ ಮೂಲ ಜಾಲವನ್ನು ವಿಶ್ವವಿದ್ಯಾಲಯ 1999ರಲ್ಲಿ ಮುಚ್ಚಿತು. 2000ನೇ ಇಸವಿ ಬಂದರೆ ಹಳೆಯ ಸಾಫ್ಟ್‌ವೇರ್ ಕೆಲಸ ಮಾಡುವುದಿಲ್ಲ ಅನ್ನುವುದು ಹೇಳಿದ ಕಾರಣ.

ಇದನ್ನು ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ. ಅಷ್ಟು ದೊಡ್ಡ ಹೆಸರು, ಅಷ್ಟು ಜನ ಬಳಸುತ್ತಿದ್ದದ್ದು, ಆದರೂ ನಿಂತಿತು. ಸಾಫ್ಟ್‌ವೇರ್ ಹಳೆಯದಾದರೆ ಹೊಸದು ಬರೆಸಬಹುದಿತ್ತು ಅಲ್ವಾ? ಬರೆಸುವುದಕ್ಕೆ ದುಡ್ಡೂ ಬೇಕು, ಇದು ನಮ್ಮದು ಅನ್ನುವ ಜನವೂ ಬೇಕು. ಒಂದೇ ಮನೆಯ ಆಶ್ರಯದಲ್ಲಿದ್ದ ಜಾಲ ಆ ಮನೆಯವರು ಬಾಗಿಲು ಹಾಕಿದ ದಿನ ಹೋಯಿತು, ಇದು ನನ್ನ ತಿಳಿವಳಿಕೆ. ಒಟ್ಟಾವಾದ್ದು ಉಳಿಯಿತು. ಅಲ್ಲಿ ಆಡಳಿತ ಮಂಡಳಿಯನ್ನು ಸದಸ್ಯರೇ ಆರಿಸುತ್ತಾರೆ. ಫೋನ್ ಲೈನಿನ ಕಾಲ ಮುಗಿದ ಮೇಲೆ ಅವರು ಕಡಿಮೆ ದರಕ್ಕೆ ಬ್ರಾಡ್‌ಬ್ಯಾಂಡ್ ಕೊಡಲು ಶುರು ಮಾಡಿದರು. ದೇಣಿಗೆಯೂ ಬರುತ್ತದೆ, ಶುಲ್ಕವೂ ಬರುತ್ತದೆ.

ಸೊಸೈಟಿಯಲ್ಲಿ ಜೀವಮಾನ ಕಳೆದ ನನಗೆ ಇದು ಬೇರೆ ದೇಶದ ಪಾಠ ಅನ್ನಿಸಲಿಲ್ಲ. 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗ ಊರವರ ಸಣ್ಣ ಸಣ್ಣ ಷೇರಿನ ದುಡ್ಡೇ ಅದಕ್ಕೆ ಬೇರು. ಸಣ್ಣ ಷೇರಿದ್ದವನೂ ಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳುತ್ತಾನೆ. ಲೆಕ್ಕ ಕೇಳುವವರು ಜಾಸ್ತಿ ಇದ್ದಷ್ಟೂ ಸಂಸ್ಥೆ ಗಟ್ಟಿ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ತಮ್ಮನ ವಿಷಯಕ್ಕೆ ಬರುತ್ತೇನೆ. ಅವನು ನಮ್ಮ ಜಾಲಕ್ಕೆ ದುಡ್ಡು ಕಳಿಸುತ್ತೇನೆ ಅಂದ. ತೆಗೆದುಕೊಳ್ಳುವಂತಿಲ್ಲ. ಅವನು ಈಗ ಕೆನಡಾದ ಪ್ರಜೆ. ವಿದೇಶಿ ದೇಣಿಗೆಯ ಕಾಯಿದೆಯ ಪ್ರಕಾರ ಅವನ ದುಡ್ಡು ವಿದೇಶಿ ದುಡ್ಡು. ಅದನ್ನು ಪಡೆಯಲು ಸಂಘಕ್ಕೆ ಕೇಂದ್ರ ಗೃಹ ಸಚಿವಾಲಯದ ನೋಂದಣಿಯೋ ಪೂರ್ವಾನುಮತಿಯೋ ಬೇಕು. ನೋಂದಣಿಗೆ ಸಂಘಕ್ಕೆ ಮೂರು ವರ್ಷ ತುಂಬಿರಬೇಕು, ಆ ಮೂರು ವರ್ಷದಲ್ಲಿ 15 ಲಕ್ಷ ರೂಪಾಯಿ ತನ್ನ ಉದ್ದೇಶಕ್ಕೆ ಖರ್ಚು ಮಾಡಿರಬೇಕು. ನಮ್ಮಂಥ ಸಣ್ಣ ಸಂಘ ಎಲ್ಲಿಂದ ಅಷ್ಟು ಖರ್ಚು ಮಾಡೀತು? "ನಿನ್ನ ಖಾತೆಗೆ ಹಾಕ್ತೇನೆ, ನೀನು ನಿನ್ನ ಹೆಸರಲ್ಲಿ ಕೊಡು" ಅಂದ. ಬೇಡ ಅಂದೆ. ಒಡಹುಟ್ಟಿದವನು ಅಕ್ಕನಿಗೆ ದುಡ್ಡು ಕಳಿಸುವುದು ಬೇರೆ. ಸಂಘಕ್ಕೆ ಅಂತಲೇ ಕಳಿಸಿದ್ದನ್ನು ನನ್ನ ಹೆಸರಲ್ಲಿ ಬರೆಯುವುದು ಬೇರೆ. ಖಜಾಂಚಿಯ ವಹಿಯಲ್ಲಿ ಒಂದು ಸಾಲು ಸುಳ್ಳಾದರೆ ಉಳಿದ ಸಾಲುಗಳನ್ನೂ ಯಾರೂ ನಂಬಬೇಕಿಲ್ಲ. ಈ ವಿಷಯ ಹೊರದೇಶದಲ್ಲಿರುವ ನಮ್ಮವರಿಗೆ ತಿಳಿದಿರಲಿ. ಭಾರತದ ಪಾಸ್‌ಪೋರ್ಟ್ ಇನ್ನೂ ಇಟ್ಟುಕೊಂಡವರು ತಮ್ಮ ಉಳಿತಾಯದಿಂದ ಕೊಟ್ಟರೆ ಅದು ವಿದೇಶಿ ದೇಣಿಗೆ ಅನ್ನಿಸುವುದಿಲ್ಲ. ಅಲ್ಲಿನ ಪೌರತ್ವ ಪಡೆದವರಿಗೆ ಹಾಗಲ್ಲ, ಭಾರತ ಮೂಲದ ವಿದೇಶಿ ಪ್ರಜೆಗಳಿಗೆ ಸಿಗುವ ಒಸಿಐ ಕಾರ್ಡ್ ಇದ್ದರೂ ಅಷ್ಟೇ. ಮನಸ್ಸಿದ್ದೂ ಊರಿಗೆ ಕೊಡಲಾಗದ ಮಕ್ಕಳು ಪ್ರತಿ ಹಳ್ಳಿಯಲ್ಲೂ ಇದ್ದಾರೆ. ಸಣ್ಣ ಸಂಘಗಳು ಒಂದು ಮಿತಿಯವರೆಗಾದರೂ ಇಂಥ ಮನೆಮಕ್ಕಳ ದುಡ್ಡು ಪಡೆಯಲು ಸರ್ಕಾರ ಸುಲಭದ ದಾರಿ ಮಾಡಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

ತೆರಿಗೆಯ ಮಾತೂ ಇಲ್ಲೇ ಹೇಳಿಬಿಡುತ್ತೇನೆ. 80ಜಿ ರಸೀದಿ, ಅಂದರೆ ಕೊಟ್ಟ ದೇಣಿಗೆಗೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡಿಸುವ ರಸೀದಿ ಇದ್ದರೆ ಜನ ಕೊಡುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ನಿಜ. ಈಗ ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಆ ವಿನಾಯಿತಿ ಇಲ್ಲ. ಸಂಬಳದಾರರು ಬಹಳ ಮಂದಿ ಅದಕ್ಕೇ ಹೋಗಿದ್ದಾರೆ. 2000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರಂತೂ ಹಳೆಯ ಪದ್ಧತಿಯಲ್ಲೂ ವಿನಾಯಿತಿ ಸಿಗುವುದಿಲ್ಲ. ಇನ್ನೊಂದು ಕಟ್ಟುಪಾಡು ಇದೆ, ನಮ್ಮ ಆಡಿಟರು ಮೊದಲೇ ಎಚ್ಚರಿಸಿದ್ದು. ಸಾರ್ವಜನಿಕ ಉಪಯೋಗದ ಸಂಸ್ಥೆ ಅಂತ ತೆರಿಗೆ ವಿನಾಯಿತಿ ಪಡೆದವರು ಶುಲ್ಕ ಪಡೆದು ವ್ಯಾಪಾರದಂಥ ಸೇವೆ ಕೊಟ್ಟರೆ, ಅದರಿಂದ ಬಂದದ್ದು ಆ ವರ್ಷದ ಒಟ್ಟು ಜಮೆಯ ಶೇ 20 ದಾಟಬಾರದು. ಅಂದರೆ ಒಟ್ಟಾವಾದವರ ಹಾಗೆ ಶುಲ್ಕವನ್ನು ನೆಚ್ಚಿಕೊಂಡು ನಾವು ನಿಲ್ಲುವ ಹಾಗಿಲ್ಲ. ದೇಣಿಗೆ ನಮಗೆ ಬೇಕೇ ಬೇಕು.

ಕೆನಡಾದಲ್ಲೂ ಈ ಪ್ರಶ್ನೆ ಕೋರ್ಟಿಗೆ ಹೋಗಿತ್ತು. ವ್ಯಾಂಕೂವರಿನ ಫ್ರೀನೆಟ್ ತನ್ನನ್ನು ಧರ್ಮಾರ್ಥ ಸಂಸ್ಥೆ ಎಂದು ನೋಂದಾಯಿಸಿ ಅಂತ ಕೇಳಿದಾಗ ತೆರಿಗೆ ಇಲಾಖೆ ಒಪ್ಪಲಿಲ್ಲ. ಇಂಟರ್ನೆಟ್ ಕೊಡುವುದು ಎಂಥ ಧರ್ಮ ಅಂತ. 1996ರಲ್ಲಿ ಅಲ್ಲಿನ ಫೆಡರಲ್ ಮೇಲ್ಮನವಿ ನ್ಯಾಯಾಲಯ ಜಾಲದ ಪರ ತೀರ್ಪು ಕೊಟ್ಟಿತು. ಆಧಾರ ಎಲ್ಲಿಯದು ಗೊತ್ತೇ? ಎಲಿಜಬೆತ್ ರಾಣಿಯ ಕಾಲದ ಇಂಗ್ಲೆಂಡಿನ 1601ರ ಕಾನೂನು. ಅದರಲ್ಲಿ ಧರ್ಮಕಾರ್ಯಗಳ ಪಟ್ಟಿ ಇದೆ. ಸೇತುವೆ, ಬಂದರು, ಹೆದ್ದಾರಿಗಳ ದುರಸ್ತಿ ಅದರಲ್ಲಿ ಸೇರಿದೆ. ಮಾಹಿತಿಯ ಹೆದ್ದಾರಿಯನ್ನು ಎಲ್ಲರಿಗೂ ಪುಕ್ಕಟೆ ತೆರೆದಿಡುವುದೂ ಅದೇ ಜಾತಿಯ ಕೆಲಸ ಅಂದಿತು ಕೋರ್ಟ್. ಆ ಕಾನೂನಿನ ಮಾತು ಗಮನಿಸಿ. ರಸ್ತೆ ಕಟ್ಟುವುದಷ್ಟೇ ಅಲ್ಲ, ದುರಸ್ತಿ ಮಾಡುವುದೂ ಧರ್ಮ. ನಾಲ್ಕು ನೂರು ವರ್ಷದ ಹಿಂದೆಯೇ ರಿಪೇರಿಗೆ ಕೊಡುವವರನ್ನು ದಾನಿಗಳು ಅಂತ ಲೆಕ್ಕ ಹಾಕಿದ್ದರು. ನಾವು ಇನ್ನೂ ಉದ್ಘಾಟನೆಗೆ ಕೊಟ್ಟವರನ್ನು ಮಾತ್ರ ಹಾಗೆ ಕರೆಯುತ್ತಿದ್ದೇವೆ.

ಕಂಪನಿಗಳ ಸಿಎಸ್‌ಆರ್ ದುಡ್ಡು ಕೇಳಿ ಅಂತ ಸಲಹೆ ಕೊಡುವವರು ಬಹಳ. 2013ರ ಕಂಪನಿ ಕಾಯಿದೆ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಸರಿ, ಕೇಳಬೇಕು. ಆದರೆ ಅದಕ್ಕೂ ಸಂಘದ ನೋಂದಣಿ ಬೇರೆ ಆಗಬೇಕು. ನಾನು ಮಾತಾಡಿಸಿದವರಿಗೆಲ್ಲ ಬೇಕಾದದ್ದು ಒಂದು ವರ್ಷದಲ್ಲಿ ಶುರುವಾಗಿ ಮುಗಿಯುವ ಯೋಜನೆ, ಎಣಿಸಿ ತೋರಿಸಬಹುದಾದ ಸಾಮಾನು. ಕಂಬ ಹತ್ತುವ ಹುಡುಗನ ಸಂಬಳ ಅಂದರೆ ಅದು ಆಡಳಿತ ವೆಚ್ಚ ಅನ್ನುತ್ತಾರೆ. ಮಳೆಗಾಲದಲ್ಲಿ ಜಿಗಣೆ ಕಚ್ಚಿಸಿಕೊಂಡು ತೋಟದೊಳಗೆ ಕೇಬಲ್ ಹುಡುಕುವ ಹುಡುಗ ಆಡಳಿತ ವೆಚ್ಚವೇ? ಜಾಲ ಅಂದರೆ ಅವನೇ. ದೊಡ್ಡ ದುಡ್ಡು ಬಂದರೆ ಬೇಡ ಅನ್ನುವುದಿಲ್ಲ, ಹೊಸ ಕಂಬಗಳಿಗೆ ಹಾಕುತ್ತೇವೆ. ತಿಂಗಳ ಖರ್ಚನ್ನು ಮಾತ್ರ ಊರಿನ ಸಣ್ಣ ದುಡ್ಡಿನಿಂದಲೇ ನಡೆಸಬೇಕು ಅನ್ನುವುದು ನಮ್ಮ ಸಂಘದ ತೀರ್ಮಾನ.

ಆ ಸಣ್ಣ ದುಡ್ಡು ಹೇಗೆ ಬರುತ್ತದೆ ಅನ್ನುವುದನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಬೇರೆ ಊರಿನವರಿಗೆ ಉಪಯೋಗವಾದೀತು.

ನಮ್ಮಲ್ಲಿ ರಸೀದಿ ಪುಸ್ತಕದ ಜೊತೆಗೆ ದಾನಿಗಳದ್ದೇ ಒಂದು ವಹಿ ಇದೆ. ಒಬ್ಬೊಬ್ಬರಿಗೆ ಒಂದೊಂದು ಪುಟ. ಹೆಸರು, ಫೋನು, ಯಾರ ಮೂಲಕ ಬಂದರು, ಯಾವಾಗ ಎಷ್ಟು ಕೊಟ್ಟರು. ಇಷ್ಟು ಎಲ್ಲರೂ ಬರೆಯುತ್ತಾರೆ. ನಾವು ಇನ್ನೊಂದು ಸಾಲು ಬರೆಯುತ್ತೇವೆ: ಯಾಕೆ ಕೊಟ್ಟರು. ಹುಬ್ಬಳ್ಳಿಯಲ್ಲಿರುವ ಮಗಳು ತಾಯಿಯ ಮುಖ ವಿಡಿಯೊದಲ್ಲಿ ನೋಡಬೇಕು ಅಂತ ಕೊಡುತ್ತಾಳೆ. ನಿವೃತ್ತ ಮಾಸ್ತರರು ಶಾಲೆಗೆ ಅಂತ ಕೊಡುತ್ತಾರೆ. ಬೆಂಗಳೂರಿನ ಹುಡುಗ ಊರಿಗೆ ಬಂದಾಗ ಇಲ್ಲಿಂದಲೇ ಕೆಲಸ ಮಾಡಬಹುದು ಅಂತ ಕೊಡುತ್ತಾನೆ. ಒಬ್ಬರು ತಾಳಮದ್ದಳೆಯ ಆ ರೆಕಾರ್ಡಿಂಗುಗಳಿಗಾಗಿ ಮಾತ್ರ ಕೊಡುತ್ತಾರೆ, ಬೇರೆ ಯಾವುದೂ ಅವರಿಗೆ ಬೇಡ. ಈ ಸಾಲು ಗೊತ್ತಿದ್ದರೆ ಮುಂದೆ ಅವರಿಗೆ ಏನು ತಿಳಿಸಬೇಕು ಅನ್ನುವುದು ಗೊತ್ತಾಗುತ್ತದೆ. ಮಾಸ್ತರರಿಗೆ ಶಾಲೆಯ ಸುದ್ದಿ ಹೋಗಬೇಕು, ಬ್ಯಾಂಡ್‌ವಿಡ್ತಿನ ಲೆಕ್ಕ ಅಲ್ಲ.

ದುಡ್ಡು ಬಂದ ವಾರದೊಳಗೆ ರಸೀದಿ ಮತ್ತು ಕೈಯಲ್ಲಿ ಬರೆದ ಎರಡು ಸಾಲು ಹೋಗಬೇಕು. ಇದರಲ್ಲಿ ನಾನು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಐವತ್ತು ರೂಪಾಯಿ ಕೊಟ್ಟವರಿಗೂ ಅದೇ, ಐದು ಸಾವಿರ ಕೊಟ್ಟವರಿಗೂ ಅದೇ. ಆಮೇಲೆ ಆ ದುಡ್ಡು ಏನಾಯಿತು ಅಂತ ಹೇಳುವವರೆಗೆ ಮತ್ತೆ ಕೇಳಬಾರದು. ಬೆಂಗಳೂರಿನಲ್ಲಿರುವ ನಮ್ಮೂರಿನವರೊಬ್ಬರು ಬೇರೊಂದು ಸಂಸ್ಥೆಯ ಬಗ್ಗೆ ಹೇಳಿದ ಮಾತು ಮನಸ್ಸಿನಲ್ಲಿ ಉಳಿದಿದೆ. "ದುಡ್ಡು ಕೇಳುವಾಗ ಫೋನ್ ಬರ್ತದೆ ಅಕ್ಕಾ. ಕೊಟ್ಟ ಮೇಲೆ ಬರೋದೇ ಇಲ್ಲ. ಮುಂದಿನ ವರ್ಷ ಮತ್ತೆ ಕೇಳುವಾಗಲೇ ಬರೋದು." ಅವರ ಮಾತಿನಲ್ಲಿ ಸಿಟ್ಟು ಇರಲಿಲ್ಲ, ಬೇಜಾರಿತ್ತು. ಬೇಜಾರಾದ ದಾನಿ ಜಗಳ ಮಾಡುವುದಿಲ್ಲ, ಸುಮ್ನೆ ಕೊಡುವುದನ್ನು ನಿಲ್ಲಿಸುತ್ತಾನೆ.

ಹಾಗೆ ನಿಲ್ಲಿಸಿದವರಿಗೆ ನಾವು ಫೋನ್ ಮಾಡುತ್ತೇವೆ. ದುಡ್ಡು ಕೇಳಲು ಅಲ್ಲ, ಕಾರಣ ಕೇಳಲು. ಕೆಲವರ ಮನೆಯಲ್ಲಿ ಕಷ್ಟ ಬಂದಿರುತ್ತದೆ. ಕೆಲವರ ಹಿರಿಯರು ತೀರಿಕೊಂಡು ಊರಿನ ಮನೆಗೆ ಬೀಗ ಬಿದ್ದಿರುತ್ತದೆ. ಕೆಲವರು ಸಿಗ್ನಲ್ ಸರಿ ಬರುತ್ತಿಲ್ಲ ಅಂತ ನಿಲ್ಲಿಸಿರುತ್ತಾರೆ. ಇವರು ಬಹಳ ಮುಖ್ಯ. ಹುಡುಗನನ್ನು ಕಳಿಸಿ ಮೊದಲು ಸಿಗ್ನಲ್ ಸರಿ ಮಾಡಿಸುತ್ತೇವೆ. ದೇಣಿಗೆಯ ಮಾತು ಎತ್ತುವುದಿಲ್ಲ. ಬಹಳ ಮಂದಿ ತಾವಾಗಿಯೇ ಮತ್ತೆ ಶುರು ಮಾಡಿದ್ದಾರೆ.

ಯಾವಾಗ ಕೇಳಬೇಕು ಅನ್ನುವುದೂ ಮುಖ್ಯ. ಅಡಿಕೆ ಬೆಳೆಗಾರರನ್ನು ಮಳೆಗಾಲದಲ್ಲಿ ಕೇಳಿ ಪ್ರಯೋಜನ ಇಲ್ಲ. ಆಗ ಕೊಳೆ ಔಷಧಿಗೆ, ಕೂಲಿಗೆ ದುಡ್ಡು ಹೋಗುತ್ತಿರುತ್ತದೆ. ಕೊಯ್ಲು ಮುಗಿದು, ಅಡಿಕೆ ಒಣಗಿ, ಮಾರಾಟವಾದ ಮೇಲೆ ಕೇಳಬೇಕು. ಪೇಟೆಯಲ್ಲಿ ಇರುವವರು ದೀಪಾವಳಿಗೆ, ಮೇ ರಜೆಗೆ ಬರುತ್ತಾರೆ. ಆಗ ಅವರನ್ನು ಡೇರಿಯ ಕೋಣೆಗೆ ಕರೆದು ಆ ಕಂಪ್ಯೂಟರ್ ತೋರಿಸುತ್ತೇವೆ. ತಮ್ಮದೇ ಊರಿನ ಮಾವಿನ ಮರದ ಪಕ್ಕದ ಕಂಬದಿಂದ ತಮ್ಮ ಮನೆಗೆ ಸಿಗ್ನಲ್ ಹೋಗುವುದನ್ನು ನಕ್ಷೆಯಲ್ಲಿ ನೋಡಿದವರು ಹಾಗೇ ಹೋದದ್ದು ಕಡಿಮೆ. ಅವರಲ್ಲಿ ಹಲವರು ಬ್ಯಾಂಕಿಗೆ ಸೂಚನೆ ಕೊಟ್ಟುಬಿಟ್ಟಿದ್ದಾರೆ, ತಿಂಗಳಿಗೆ ನೂರೋ ಇನ್ನೂರೋ ಅದರಷ್ಟಕ್ಕೆ ಬರುತ್ತದೆ. ಒಂದೇ ಸಲ ಬರುವ ಹತ್ತು ಸಾವಿರಕ್ಕಿಂತ ಈ ನೂರು ರೂಪಾಯಿಯನ್ನು ನಾನು ಜಾಸ್ತಿ ನಂಬುತ್ತೇನೆ. ಅದು ಬರುತ್ತದೆ ಅಂತ ಗೊತ್ತಿರುವುದರಿಂದಲೇ ಹುಡುಗನಿಗೆ ಒಂದನೇ ತಾರೀಕು ಸಂಬಳ ಕೊಡಲು ಧೈರ್ಯ.

ಡೇರಿಗೆ ಹಾಲು ಹಾಕುವ ಹೆಂಗಸರು ಕೆಲವರು ತಮ್ಮ ಹಾಲಿನ ಬಟವಾಡೆಯ ದಿನ ಐವತ್ತು ರೂಪಾಯಿ ತೆಗೆದಿಟ್ಟು ಕೊಡುತ್ತಾರೆ. ಇದು ನಾವು ಕೇಳಿದ್ದಲ್ಲ. ಒಬ್ಬರು ಶುರು ಮಾಡಿದರು, ಉಳಿದವರು ನೋಡಿ ಕಲಿತರು. ಶುರು ಮಾಡಿದವರ ಮನೆಯಲ್ಲಿ ಸ್ಮಾರ್ಟ್‌ಫೋನೇ ಇರಲಿಲ್ಲ. ಯಾಕೆ ಕೊಡುತ್ತೀರಿ ಅಂತ ಕೇಳಿದಾಗ, "ಮೊಮ್ಮಗಳು ಶಾಲೆಯಲ್ಲಿ ನೋಡ್ತಾಳಲ್ಲ" ಅಂದರು. ಅವರ ಪುಟದಲ್ಲಿ ಅದೇ ಮಾತು ಬರೆದಿದ್ದೇನೆ. ದಾನಿಗಳು ಅಂದರೆ ಹೊರಗೆ ಎಲ್ಲೋ ಇರುವ ಶ್ರೀಮಂತರು ಅಂತ ತಿಳಿದು ಸಂಘಗಳು ಬೆಂಗಳೂರಿನ ಕಡೆಗೆ ಮುಖ ಮಾಡಿ ಕೂತಿರುತ್ತವೆ. ಪಕ್ಕದ ಮನೆಯವರನ್ನು ಕೇಳಲು ಸಂಕೋಚ. ಜಾತ್ರೆಗೆ, ಗಣಪತಿಗೆ, ಯಕ್ಷಗಾನದ ಆಟಕ್ಕೆ ಮನೆಮನೆ ತಿರುಗುವಾಗ ಇರದ ಸಂಕೋಚ ಮಕ್ಕಳ ಓದಿಗೆ, ಮುದುಕರ ಔಷಧಿ ತರಿಸಲು ಬೇಕಾದ ಜಾಲಕ್ಕೆ ಕೇಳುವಾಗ ಯಾಕೆ?

ಕೆಲವು ದುಡ್ಡನ್ನು ಬೇಡ ಅನ್ನಬೇಕಾಗುತ್ತದೆ. ಚುನಾವಣೆ ಹತ್ತಿರ ಇದ್ದಾಗ ಒಬ್ಬರು ಬಂದು ಇಡೀ ವರ್ಷದ ಬಿಲ್ ಕಟ್ಟುತ್ತೇನೆ ಅಂದರು. ವೈಫೈಗೆ ಸೇರುವಾಗ ಫೋನಿನಲ್ಲಿ ಬರುವ ಮೊದಲ ಪುಟದಲ್ಲಿ ಅವರ ಫೋಟೊ ಹಾಕಬೇಕು ಅನ್ನುವುದು ಷರತ್ತು. ಕಾರ್ಯಕಾರಿ ಸಮಿತಿಯಲ್ಲಿ ಚರ್ಚೆ ಜೋರಾಗಿಯೇ ಆಯಿತು. ಒಂದು ವರ್ಷದ ಚಿಂತೆ ಹೋಗುತ್ತದಲ್ಲ ಅನ್ನುವವರೂ ಇದ್ದರು. ಕೊನೆಗೆ ಬೇಡ ಅಂತ ಆಯಿತು. ಆ ಫೋಟೊ ಬಂದರೆ ಇನ್ನೊಂದು ಪಕ್ಷದವರ ಮನೆಗಳು ನಮ್ಮ ಜಾಲ ಅನ್ನುವುದನ್ನು ನಿಲ್ಲಿಸುತ್ತವೆ. ಮುಂದಿನ ವರ್ಷ ಅವರು ಬರದಿದ್ದರೆ ಎರಡೂ ಕಡೆಯಿಂದ ಹೋಯಿತು. ಇನ್ನೂ ಒಂದು ನಿಯಮ ಇದೆ. ಯಾರು ಎಷ್ಟು ಕೊಟ್ಟರು ಅನ್ನುವುದಕ್ಕೂ ಯಾರಿಗೆ ಎಷ್ಟು ವೇಗದ ಸಿಗ್ನಲ್ ಅನ್ನುವುದಕ್ಕೂ ಸಂಬಂಧ ಇರಬಾರದು. ಏನೂ ಕೊಡದ ಮನೆಗೂ ಅದೇ ಸಿಗ್ನಲ್. ದಾನಿಗಳ ವಹಿಯನ್ನು ಹೊರಗಿನವರಿಗೆ ತೋರಿಸುವುದಿಲ್ಲ, ಫೋನ್ ನಂಬರು ಯಾರಿಗೂ ಕೊಡುವುದಿಲ್ಲ.

ಖರ್ಚಿನ ಲೆಕ್ಕ ಮಾತ್ರ ಎಲ್ಲರಿಗೂ ತೆರೆದಿದೆ. ತಿಂಗಳ ಜಮಾ ಖರ್ಚು ಡೇರಿಯ ಗೋಡೆಯ ಮೇಲೆ ಅಂಟಿಸುತ್ತೇವೆ. ಸುಟ್ಟ ರೂಟರ್ ಎಷ್ಟು, ಯಾವ ಕಂಬದ್ದು, ಹೊಸದಕ್ಕೆ ಎಷ್ಟಾಯಿತು, ಎಲ್ಲ. ಹಾಲು ಹಾಕಲು ಬಂದವರು ಸರದಿಯಲ್ಲಿ ನಿಂತು ಓದುತ್ತಾರೆ. ಬ್ಯಾಟರಿಗೆ ಇಷ್ಟು ಕೊಟ್ಟಿರಲ್ಲ, ಸಾಗರ ಪೇಟೆಯಲ್ಲಿ ಕಡಿಮೆಗೆ ಸಿಗುತ್ತಿತ್ತು ಅಂತ ಜಗಳಕ್ಕೂ ಬರುತ್ತಾರೆ. ಬರಲಿ. ಜಗಳ ಮಾಡಿದವರೇ ಮುಂದಿನ ಸಲ ಸಾಗರದಿಂದ ತಂದುಕೊಟ್ಟದ್ದೂ ಇದೆ. ಮಳೆಗಾಲಕ್ಕೆ ಮೊದಲು ಸಿಡಿಲಿಗೆ ಅಂತಲೇ ಬೇರೆ ದುಡ್ಡು ತೆಗೆದಿಡುತ್ತೇವೆ. ಅದಕ್ಕೆ ಕೊಡಿ ಅಂದರೆ ಮಲೆನಾಡಿನಲ್ಲಿ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ.

ಹಳೆಯ ಕಂಪ್ಯೂಟರ್ ಕೊಡುವವರ ಬಗ್ಗೆಯೂ ಒಂದು ಮಾತು. ಆಫೀಸಿನಲ್ಲಿ ಹೊಸದು ಬಂದಾಗ ಹಳೆಯದನ್ನು ಹಳ್ಳಿಗೆ ಕಳಿಸುವ ರೂಢಿ ಇದೆ. ಚಾಲ್ತಿಯಲ್ಲಿರುವ ಸಾಫ್ಟ್‌ವೇರ್ ಓಡದ, ಬಿಡಿಭಾಗ ಸಿಗದ ಯಂತ್ರ ನಮಗೆ ಬಂದರೆ ಅದನ್ನು ಇಡುವ ಜಾಗದ ಚಿಂತೆ, ಕಡೆಗೆ ಇ-ತ್ಯಾಜ್ಯದವರಿಗೆ ಸಾಗಿಸುವ ಖರ್ಚು. ಕೊಡುವ ಮೊದಲು ಒಂದು ಫೋನ್ ಮಾಡಿ ನಿಮಗೆ ಏನು ಬೇಕು ಅಂತ ಕೇಳಿದರೆ ಸಾಕು.

ಸಂಪಾದಕರಲ್ಲಿ ನನ್ನ ವಿನಂತಿ ಇಷ್ಟು. ಮುಂದಿನ ಸಲ ಕಂಪ್ಯೂಟರ್ ಹಸ್ತಾಂತರದ ಫೋಟೊ ಬಂದಾಗ ನಿಮ್ಮ ವರದಿಗಾರರು ಒಂದು ಪ್ರಶ್ನೆ ಕೇಳಲಿ: ಇದರ ನಿರ್ವಹಣೆಗೆ ಮುಂದಿನ ಮೂರು ವರ್ಷ ತಿಂಗಳಿಗೆ ಎಷ್ಟು ಬೇಕು, ಅದನ್ನು ಯಾರು ಕೊಡುತ್ತಾರೆ? ಉತ್ತರವನ್ನೂ ಫೋಟೊದ ಕೆಳಗೆ ಹಾಕಿ. ಉತ್ತರ ಇಲ್ಲದಿದ್ದರೆ ಇಲ್ಲ ಅಂತಲೇ ಹಾಕಿ. ವರ್ಷಕ್ಕೊಮ್ಮೆಯಾದರೂ ಹಳೆಯ ಫೋಟೊದಲ್ಲಿದ್ದ ಶಾಲೆಗೆ ಮತ್ತೆ ಹೋಗಿ ಆ ಕಂಪ್ಯೂಟರುಗಳು ಓಡುತ್ತಿವೆಯೇ ಅಂತ ಬರೆಯಿರಿ. ದಾನಿಗಳಿಗೂ ಅದು ತಿಳಿಯಬೇಕು. ಕೊಟ್ಟದ್ದು ಉಪಯೋಗಕ್ಕೆ ಬಂದಿದೆ ಅಂತ ಗೊತ್ತಾದರೆ ಅವರು ಮತ್ತೆ ಕೊಡುತ್ತಾರೆ.

ಕೊಡುವ ಮನಸ್ಸಿರುವ ಓದುಗರು ತಮ್ಮ ಊರಿನ ಗ್ರಂಥಾಲಯದ ಮೇಲ್ವಿಚಾರಕರಿಗೋ ಶಾಲೆಯ ಮಾಸ್ತರರಿಗೋ ಈ ವಾರವೇ ಫೋನ್ ಮಾಡಿ. ಹೊಸದು ಏನು ಬೇಕು ಅಂತ ಕೇಳಬೇಡಿ. ಇದ್ದದ್ದರಲ್ಲಿ ಯಾವುದು ನಿಂತಿದೆ, ಅದು ನಡೆಯಲು ತಿಂಗಳಿಗೆ ಎಷ್ಟು ಬೇಕು ಅಂತ ಕೇಳಿ. ನಮ್ಮ ದಾನಿಗಳ ವಹಿಯ ಮಾದರಿ ಪುಟ, ಗೋಡೆಗೆ ಅಂಟಿಸುವ ಜಮಾ ಖರ್ಚಿನ ನಮೂನೆ ಬೇಕಾದ ಸಂಘದವರು ನಿಮ್ಮ ಪತ್ರಿಕೆಯ ಮೂಲಕ ಬರೆದರೆ ಪ್ರತಿ ಕಳಿಸಿಕೊಡುತ್ತೇನೆ.

ಇತಿ ನಿಮ್ಮ ಓದುಗರಲ್ಲಿ ಒಬ್ಬಳು,
ಗ್ರಾಮ ಕಂಪ್ಯೂಟರ್ ಜಾಲವೊಂದರ ಖಜಾಂಚಿ
ಸಿದ್ದಾಪುರ ತಾಲ್ಲೂಕು, ಉತ್ತರ ಕನ್ನಡ